ರೋಲ್ ಎಂಬ ಮೂಲಪಾಠ: ಪಾಶ್ಚಾತ್ಯ ರಣವಾದ್ಯದಲ್ಲಿ ಲಿಪಿಯೂ ಪರಂಪರೆಯೂ

ಚರ್ಮವಾದ್ಯಕ್ಕೆ ಹುಟ್ಟಿನಿಂದಲೇ ಬಂದ ಕೊರತೆಯೊಂದುಂಟು. ವೀಣೆಯ ತಂತಿಯು ಮೀಟಿದ ಮೇಲೆಯೂ ಸ್ವಲ್ಪಕಾಲ ನುಡಿಯುತ್ತಿರುತ್ತದೆ. ಕೊಳಲು ಊದುವವನ ಉಸಿರಿರುವವರೆಗೆ ಸ್ವರವನ್ನು ಹಿಡಿದು ನಿಲ್ಲಿಸಬಲ್ಲುದು. ಚರ್ಮದ ಮೇಲಣ ಪೆಟ್ಟಾದರೋ ಬಿದ್ದೊಡನೆ ಅಳಿಯತೊಡಗುತ್ತದೆ. ಮೃದಂಗದಲ್ಲಿ ಕರಣೆಯ ಬಲದಿಂದ ನಾದವು ಕೊಂಚ ನಿಲ್ಲುವುದಾದರೂ ಯೂರೋಪಿನ ಸೈನ್ಯಗಳ ಡ್ರಮ್ಮಿಗೆ ಆ ಸೌಕರ್ಯವೂ ಇಲ್ಲ. ಅದರ ಕೆಳಮೈಯ ಚರ್ಮಕ್ಕೆ ಅಡ್ಡಲಾಗಿ ಕರುಳಿನ ಹುರಿಗಳನ್ನೋ ಲೋಹದ ತಂತಿಗಳನ್ನೋ ಬಿಗಿದಿರುತ್ತಾರೆ. ಇವಕ್ಕೆ ಸ್ನೇರ್ ಎಂದು ಹೆಸರು. ಇವುಗಳಿಂದಲೇ ಆ ವಾದ್ಯವು ಸ್ನೇರ್ ಡ್ರಮ್ ಎನಿಸಿಕೊಂಡಿತು. ಮೇಲೆ ಪೆಟ್ಟು ಬಿದ್ದಾಗ ಕೆಳಗೆ ಈ ಹುರಿಗಳು ಚರ್ಮಕ್ಕೆ ತಾಗಿ ಕರಕರನೆ ಮೊರೆದು ಧ್ವನಿಯನ್ನು ಒಣಗಿಸಿ ತೀಕ್ಷ್ಣಗೊಳಿಸುತ್ತವೆ. ಇಂತಹ ವಾದ್ಯದಿಂದ ದೀರ್ಘಸ್ವರವನ್ನು ಪಡೆಯಬೇಕಾದರೆ ಒಂದೇ ದಾರಿ: ಒಂದು ಪೆಟ್ಟಿನ ಧ್ವನಿ ಅಳಿಯುವುದರೊಳಗಾಗಿ ಇನ್ನೊಂದನ್ನು ಹುಟ್ಟಿಸುವುದು, ಅದು ಅಳಿಯುವುದರೊಳಗಾಗಿ ಮತ್ತೊಂದನ್ನು. ಹೀಗೆ ಬಿಡಿಬಿಡಿಯಾದ ಪೆಟ್ಟುಗಳಿಂದ ಅಖಂಡವೆಂಬ ಭ್ರಾಂತಿಯನ್ನು ಉಂಟುಮಾಡುವ ವಾದನಕ್ರಮಕ್ಕೆ ಇಂಗ್ಲಿಷಿನಲ್ಲಿ ರೋಲ್, ಎಂದರೆ ಉರುಳುವಿಕೆ, ಎಂದು ಹೆಸರು. ಕೊಳ್ಳಿಯನ್ನು ವೇಗವಾಗಿ ತಿರುಗಿಸಿದರೆ ಬೆಂಕಿಯ ಚಕ್ರದಂತೆ ಕಾಣುವುದೆಂಬ ನಮ್ಮ ನೈಯಾಯಿಕರ ಅಲಾತಚಕ್ರದ ದೃಷ್ಟಾಂತವನ್ನು ಕಣ್ಣಿನಿಂದ ಕಿವಿಗೆ ವರ್ಗಾಯಿಸಿದರೆ ರೋಲಿನ ಲಕ್ಷಣವು ದೊರೆಯುತ್ತದೆ.

ಸಾಹಿತ್ಯ ಶಾಸ್ತ್ರಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಪರದೇಶದ ಸಿಪಾಯಿಗಳ ಡ್ರಮ್ಮಿಗೇನು ಕೆಲಸವೆಂದು ವಾಚಕಮಹಾಶಯರು ಕೇಳಬಹುದು. ಮೈಸೂರಿನ ದಸರೆಯಲ್ಲಿ ಪೊಲೀಸ್ ವಾದ್ಯವೃಂದವನ್ನು ಕೇಳಿದವರಿಗೆ ಆ ಧ್ವನಿ ಪರಿಚಿತವೇ ಆಗಿದೆಯೆಂಬುದು ಒಂದು ಉತ್ತರ. ಆದರೆ ಅದು ಗೌಣವಾದುದು. ಮುಖ್ಯವಾದುದೇನೆಂದರೆ, ಗ್ರಂಥಸ್ಥವಾದ ಪಾಠವು ತನ್ನ ಅರ್ಥವನ್ನು ತಾನೇ ಹೇಳಬಲ್ಲುದೇ, ಇಲ್ಲವೇ ಗುರುಮುಖವಿಲ್ಲದೆ ಅದು ಮೂಕವೇ ಎಂಬ ಪ್ರಶ್ನೆಯು ವೇದಪಾಠಕ್ಕೂ ಗಮಕಕ್ಕೂ ಎಷ್ಟರಮಟ್ಟಿಗೆ ಸಲ್ಲುತ್ತದೆಯೋ ಈ ಡ್ರಮ್ಮಿನ ಪಾಠಗಳಿಗೂ ಅಷ್ಟೇ ಸಲ್ಲುತ್ತದೆ. ಇಲ್ಲಿ ಆ ಪ್ರಶ್ನೆಯನ್ನು ಅಂಕಿಗಳಿಂದಲೇ ಪರೀಕ್ಷಿಸಬಹುದು. ಈ ಅನುಕೂಲವು ಬೇರೆ ಶಾಸ್ತ್ರಗಳಲ್ಲಿ ಸುಲಭವಾಗಿ ದೊರೆಯದು.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳೋಣ. ಡ್ರಮ್ ಕಲಿಯುವವನು ಅಭ್ಯಾಸಮಾಡತಕ್ಕ ಸಣ್ಣ ಸಣ್ಣ ಹಸ್ತಕ್ರಮಗಳಿಗೆ ರುಡಿಮೆಂಟ್ ಎಂದು ಹೆಸರು. ಇದು ಲ್ಯಾಟಿನ್ ಭಾಷೆಯಿಂದ ಬಂದ ಶಬ್ದ. ಸಂಸ್ಕಾರವಿಲ್ಲದ, ಒರಟಾದ ಎಂಬರ್ಥದ ಪದದಿಂದ ಹುಟ್ಟಿ ಪ್ರಥಮಾಭ್ಯಾಸವೆಂಬ ಅರ್ಥವನ್ನು ತಾಳಿತು. ನಮ್ಮ ಸರಳೆ, ಜಂಟಿ, ಅಲಂಕಾರಗಳ ಸ್ಥಾನವೇ ಇವುಗಳದು. ಈ ಲೇಖನದಲ್ಲಿ ಅವನ್ನು ಮೂಲಪಾಠಗಳೆಂದು ಕರೆಯುತ್ತೇನೆ. ಒಂದು ಕೈಯಿಂದ ಒಂದೇ ಪೆಟ್ಟು ಹಾಕಿ ಕೈ ಬದಲಾಯಿಸುವುದು ಒಂಟಿ ಪೆಟ್ಟು; ಒಂದೇ ಕೈಯಿಂದ ಎರಡೆರಡು ಹಾಕಿ ಬದಲಾಯಿಸುವುದು ಜಂಟಿ ಪೆಟ್ಟು. ಬಲ ಬಲ ಎಡ ಎಡ ಎಂದು ಎಡೆಬಿಡದೆ ಸಾಗುವ ಜಂಟಿ ಪೆಟ್ಟುಗಳ ಸಾಲೇ ಸೈನ್ಯದ ಡ್ರಮ್ಮಿನ ನಿಜವಾದ ರೋಲು.

ಪಾಶ್ಚಾತ್ಯರಲ್ಲಿ ಸೈನ್ಯದ ಡ್ರಮ್ಮಿನ ಪಾಠವನ್ನು ಬರವಣಿಗೆಗೆ ತಂದ ಹಳೆಯ ಗ್ರಂಥಗಳಲ್ಲಿ ಪ್ರಸಿದ್ಧವಾದುದು 1588ರ ‘ಆರ್ಕೆಸೋಗ್ರಫೀ’. ಅದರ ಕರ್ತೃ ಫ್ರಾನ್ಸಿನ ಲಾಂಗ್ರ್ ಪಟ್ಟಣದ ಜೆಹಾನ್ ತಬೂರೋ ಎಂಬ ವೃದ್ಧ ಪುರೋಹಿತ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಥುವಾನೋ ಆರ್ಬೋ ಎಂಬ ಅಂಕಿತವನ್ನಿಟ್ಟುಕೊಂಡನು. ಗ್ರಂಥವು ನೃತ್ಯವನ್ನು ಕುರಿತದ್ದು. ಗುರುವಾದ ಆರ್ಬೋ, ಶಿಷ್ಯನಾದ ಕಾಪ್ರಿಯೋಲ್ ಇವರ ಸಂವಾದರೂಪದಲ್ಲಿದೆ. ನಮ್ಮಲ್ಲಿ ಶಾಸ್ತ್ರವನ್ನು ಪ್ರಶ್ನೋತ್ತರದಿಂದ ತೊಡಗುವ ಪದ್ಧತಿ ಎಷ್ಟು ಹಳೆಯದೆಂಬುದು ವಿದಿತವೇ ಇದೆ; ಆದುದರಿಂದ ಈ ಪುಸ್ತಕವನ್ನು ತೆರೆದಾಗ ಪರಕೀಯವೆಂದು ತೋರುವುದಿಲ್ಲ. ಫ್ರೆಂಚ್ ಸೈನ್ಯದ ನಡಿಗೆಗೆ ಎಂಟು ಮಾತ್ರೆಗಳ ಆವರ್ತವನ್ನು ಅವನು ಹೇಳುತ್ತಾನೆ. ಐದು ಮಾತ್ರೆಗಳಲ್ಲಿ ಪೆಟ್ಟು, ಉಳಿದ ಮೂರರಲ್ಲಿ ಮೌನ. ಮೊದಲನೆಯದರ ಮೇಲೆ ಸಿಪಾಯಿಯ ಎಡಗಾಲು, ಐದನೆಯದರ ಮೇಲೆ ಬಲಗಾಲು. ಪೆಟ್ಟುಗಳಿಗೆ ಅವನು ಕೊಡುವ ಸೊಲ್ಲುಗಳು ಇನ್ನೂ ಸ್ವಾರಸ್ಯವಾಗಿವೆ. ಮಾತ್ರೆಗೆ ಒಂದೇ ಪೆಟ್ಟಾದರೆ ‘ತಾಂ’, ಎರಡಾದರೆ ‘ತೆರೆ’, ನಾಲ್ಕಾದರೆ ‘ಫ್ರೆ’. ಬಳಿಕ ಈ ಮೂರು ಸೊಲ್ಲುಗಳನ್ನು ಐದು ಸ್ಥಾನಗಳಲ್ಲಿ ಬಗೆಬಗೆಯಾಗಿ ಹೊಂದಿಸಿ ಉದ್ದವಾದ ಪಟ್ಟಿಯನ್ನು ಕೊಡುತ್ತಾನೆ. ಗುರುಲಘುಗಳ ಪ್ರಸ್ತಾರವನ್ನು ಬಾಲ್ಯದಲ್ಲಿ ಬರೆದು ಕೈ ನೋಯಿಸಿಕೊಂಡವರಿಗೆ ಇದು ಏನೆಂಬುದನ್ನು ವಿವರಿಸಬೇಕಾಗಿಲ್ಲ. ಭರತಮುನಿಯು ಪುಷ್ಕರವಾದ್ಯಕ್ಕೆ ಹದಿನಾರು ಅಕ್ಷರಗಳನ್ನು ಹೇಳಿರುವುದನ್ನೂ ಇಲ್ಲಿ ನೆನೆಯಬಹುದು. ಆದರೆ ಎರಡಕ್ಕೂ ಸಂಬಂಧವನ್ನು ಕಲ್ಪಿಸುವುದು ಸಾಹಸ. ಬಾಯಿಯಿಂದ ನುಡಿದು ಕೈಗೆ ಕಲಿಸುವುದು ಎಲ್ಲ ದೇಶಗಳ ವಾದಕರಿಗೂ ತಾನಾಗಿ ಹೊಳೆಯುವ ಉಪಾಯ.

ಗಮನಿಸತಕ್ಕ ಅಂಶವೊಂದಿದೆ. ‘ಫ್ರೆ’ ಎಂಬ ಸೊಲ್ಲು ಒಂದು ಮಾತ್ರೆಯಲ್ಲಿ ನಾಲ್ಕು ಪೆಟ್ಟುಗಳಿವೆಯೆಂದು ಹೇಳುತ್ತದೆ. ಯಾವ ಪೆಟ್ಟು ಯಾವ ಕೈಯದೆಂಬುದನ್ನು ಆ ಸೊಲ್ಲು ಹೇಳುವುದಿಲ್ಲ. ಈ ಮೌನವೇ ಮುಂದಿನ ಕಥೆಗೆಲ್ಲ ಬೀಜ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ವಿಚಿತ್ರವಾದ ದಾಖಲೆಯೊಂದು ಉಳಿದುಬಂದಿದೆ. ಮೊದಲನೆಯ ಚಾರ್ಲ್ಸ್ ದೊರೆಯು 1632ರಲ್ಲಿ ಒಂದು ನಿರೂಪವನ್ನು ಹೊರಡಿಸಿದನು. ಇಂಗ್ಲಿಷ್ ಸೈನ್ಯದ ಪ್ರಾಚೀನವಾದ ನಡಿಗೆಯ ಬಡಿತವು ವಾದಕರ ಅಲಕ್ಷ್ಯದಿಂದ ಕೆಟ್ಟು ಮರೆಯಾಗುವ ಸ್ಥಿತಿಗೆ ಬಂದಿತ್ತೆಂದೂ, ತನ್ನ ಅಣ್ಣನಾದ ಹೆನ್ರಿ ರಾಜಕುಮಾರನು 1610ರಲ್ಲಿ ಗ್ರೀನಿಚ್‌ನಲ್ಲಿ ಅದನ್ನು ಪುನಃ ಸ್ಥಾಪಿಸಿದನೆಂದೂ, ಇನ್ನುಮುಂದೆ ಇಂಗ್ಲೆಂಡು ಮತ್ತು ವೇಲ್ಸಿನ ಎಲ್ಲ ವಾದಕರೂ ಕೂಡಿಸದೆ ಕಳೆಯದೆ ಅದನ್ನೇ ಬಾರಿಸತಕ್ಕದ್ದೆಂದೂ ಅದರ ತಾತ್ಪರ್ಯ. ಪಾಠಶುದ್ಧಿಗಾಗಿ ರಾಜಾಜ್ಞೆ ಹೊರಟ ಉದಾಹರಣೆಗಳು ಅಪೂರ್ವ. 1776ರಲ್ಲಿ ಹಾಕಿನ್ಸ್ ಎಂಬ ವಿದ್ವಾಂಸನು ತನ್ನ ಸಂಗೀತಚರಿತ್ರೆಯಲ್ಲಿ ಇದನ್ನು ಮುದ್ರಿಸಿದುದರಿಂದ ನಮ್ಮವರೆಗೆ ಬಂದಿದೆ. ನಿರೂಪದೊಡನೆ ಬಡಿತವನ್ನೂ ಬರೆದಿದ್ದಾರೆ. ‘ಪೌ’, ‘ತೌ’, ‘ಪೌಂಗ್’ ಎಂಬ ಸೊಲ್ಲುಗಳ ನಡುವೆ ಅಲ್ಲಲ್ಲಿ ‘ಆರ್’ ಎಂಬ ಒಂದೇ ಅಕ್ಷರವು ನಿಂತಿದೆ. ಅದನ್ನು ರೋಲಿನ ಸಂಕೇತವೆಂದು ತಿಳಿಯುತ್ತಾರೆ. ಆದರೆ ಎಷ್ಟು ಪೆಟ್ಟಿನದು? ಒಂಟಿಯೋ ಜಂಟಿಯೋ? ಎಲ್ಲಿ ತೊಡಗಿ ಎಲ್ಲಿ ಮುಗಿಯುವುದು? ಆ ಅಕ್ಷರವು ಮಾತನಾಡುವುದಿಲ್ಲ. ಕೂಡಿಸಬೇಡಿ ಕಳೆಯಬೇಡಿ ಎಂದು ಆಜ್ಞೆಮಾಡಿದ ದೊರೆಯು, ಏನನ್ನು ಕೂಡಿಸಬಾರದೆಂಬುದನ್ನು ಮಾತ್ರ ಬರೆಯಿಸಲು ಮರೆತನು. ಅಂದಿನ ವಾದಕರಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರ ಗುರುಗಳು ಬದುಕಿದ್ದರು.

ಅಮೆರಿಕಾದಲ್ಲಿ ಇದೇ ಸ್ಥಿತಿಯು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಸ್ಟೂಬೆನ್ ಎಂಬ ಪ್ರಷ್ಯದ ಸೇನಾನಿಯು 1779ರಲ್ಲಿ ರಚಿಸಿದ ಸೈನ್ಯನಿಯಮಗಳಲ್ಲಿ ಯಾವ ಬಡಿತಕ್ಕೆ ಯಾವ ಕಾರ್ಯವೆಂಬುದಿದೆ. ಸೇರುವುದಕ್ಕೊಂದು, ನಡೆಯುವುದಕ್ಕೊಂದು, ಬೆಳಗಿನ ಜಾವಕ್ಕೊಂದು, ಹಿಂಜರಿಯುವುದಕ್ಕೊಂದು. ಆ ಬಡಿತಗಳ ಸ್ವರೂಪವೇನೆಂಬುದಿಲ್ಲ. ಅದನ್ನು ಬರೆಯುವ ಪುಸ್ತಕಗಳು ಆಮೇಲೆ ಬಂದವು. ಅಮೆರಿಕಾದ ನೌಕಾಪಡೆಯ ಸೈನಿಕದಳದಲ್ಲಿ ಡ್ರಮ್ ಮೇಜರ್ ಆಗಿದ್ದ ಚಾರ್ಲ್ಸ್ ಸ್ಟೂವರ್ಟ್ ಆಶ್‌ವರ್ತ್ 1812ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಮೂಲಪಾಠಗಳ ಶಾಸ್ತ್ರಕ್ಕೆ ಆದಿಗ್ರಂಥವೆಂದು ಅಲ್ಲಿಯವರು ಗೌರವಿಸುತ್ತಾರೆ. ಅಂತರ್ಯುದ್ಧದ ನಡುವೆ, 1862ರಲ್ಲಿ, ಜಾರ್ಜ್ ಬ್ರೂಸ್ ಮತ್ತು ಡ್ಯಾನಿಯೆಲ್ ಎಮೆಟ್ ಎಂಬಿಬ್ಬರು ಸೇರಿ ಡ್ರಮ್ಮಿಗೂ ಸಣ್ಣ ಕೊಳಲಿಗೂ ಒಂದು ಮಾರ್ಗದರ್ಶಿಯನ್ನು ತಂದರು. 1870ರ ಹೊತ್ತಿಗೆ ಗಾರ್ಡಿನರ್ ಸ್ಟ್ರೂಬ್ ಎಂಬವನ ಪುಸ್ತಕವು ಇಪ್ಪತ್ತೈದು ಪಾಠಗಳನ್ನು ಕ್ರಮಪಡಿಸಿತು. ಆ ಪಾಠಗಳಿಗೆಲ್ಲ ಹೆಸರುಗಳಿವೆ. ಒಂದಕ್ಕೆ ಮಾತ್ರ ಬೇರೆ ಹೆಸರೇ ಇಲ್ಲ. ಕೊನೆಯದಾದ ಅದನ್ನು ಇಂದಿಗೂ ‘ಇಪ್ಪತ್ತೈದನೆಯ ಪಾಠ’ ಎಂದೇ ಕರೆಯುತ್ತಾರೆ. ಬೇರೆ ಪಟ್ಟಿಗಳಲ್ಲಿ ಅದರ ಸ್ಥಾನವು ಇಪ್ಪತ್ತೈದಲ್ಲದಿದ್ದರೂ ಸಂಖ್ಯೆಯು ರೂಢನಾಮವಾಗಿ ನಿಂತುಬಿಟ್ಟಿತು.

ಈ ಪುಸ್ತಕಗಳ ಪರಂಪರೆಯಲ್ಲಿ ಅಗ್ರಸ್ಥಾನವು ದೀರ್ಘ ರೋಲಿಗೆ. ಅದನ್ನು ಮಕ್ಕಳಿಗೆ ಕಲಿಸುವಾಗ ‘ಡ್ಯಾಡಿ ಮ್ಯಾಮಿ’ ಎಂದು ನುಡಿಸುತ್ತಾರೆ. ಎಂದರೆ ಅಪ್ಪ ಅಮ್ಮ. ಎರಡೆರಡು ಅಕ್ಷರದ ಎರಡು ಶಬ್ದ, ಎರಡೆರಡು ಪೆಟ್ಟಿನ ಎರಡು ಕೈ. ಫ್ರೆಂಚರೂ ‘ಪಾಪಾ ಮಾಮಾಂ’ ಎಂದೇ ಹೇಳುತ್ತಾರೆ. ಮಗುವಿಗೆ ಮೊದಲು ಬರುವ ಮಾತೇ ವಾದಕನಿಗೂ ಮೊದಲಾಯಿತು. ಆದರೆ ಇದೇ ದೀರ್ಘ ರೋಲು ಅಂತರ್ಯುದ್ಧದ ಪಾಳೆಯಗಳಲ್ಲಿ ಶತ್ರುವು ಮೇಲೆ ಬಿದ್ದನೆಂಬ ಎಚ್ಚರಿಕೆಯ ಸಂಕೇತವೂ ಆಗಿತ್ತೆಂಬುದನ್ನು ಮರೆಯಬಾರದು. ಆ ಪಾಳೆಯಗಳ ವಾದಕರಲ್ಲಿ ಹಲವರು ಎಳೆಯ ಬಾಲಕರು. ಅಪ್ಪ ಅಮ್ಮ ಎಂದು ಕಲಿತ ಪಾಠವನ್ನೇ ನಡುರಾತ್ರಿಯಲ್ಲಿ ಸಾವಿರಾರು ಜನರನ್ನು ಎಬ್ಬಿಸಿ ಕೋವಿ ಹಿಡಿಸುವುದಕ್ಕಾಗಿ ಅವರು ಬಾರಿಸಬೇಕಾಯಿತು.

ಈ ಪಾಠದ ಅಭ್ಯಾಸಕ್ರಮವು ಹೊರನೋಟಕ್ಕೆ ಸುಲಭ, ಒಳಗೆ ಕಠಿಣ. ಬಲಗೈಯಿಂದ ಎರಡು, ಎಡಗೈಯಿಂದ ಎರಡು, ನಾಲ್ಕೂ ಸಮವಾಗಿ, ಅತಿ ವಿಳಂಬದಲ್ಲಿ ಮೊದಲಾಗುತ್ತದೆ. ಬಳಿಕ ಎಲ್ಲಿಯೂ ನೆಗೆಯದೆ, ಕ್ರಮಕ್ರಮವಾಗಿ, ಕೇಳುವವನಿಗೆ ಯಾವ ಘಳಿಗೆಯಲ್ಲಿ ವೇಗ ಹೆಚ್ಚಿತೆಂಬುದು ತಿಳಿಯದಂತೆ ದ್ರುತಕ್ಕೇರಬೇಕು. ಅಲ್ಲಿ ಸ್ವಲ್ಪ ನಿಂತು ಅದೇ ರೀತಿ ಇಳಿದು ವಿಳಂಬಕ್ಕೆ ಮರಳಬೇಕು. ಇದರಲ್ಲಿ ಎರಡು ಅಡ್ಡಿಗಳು. ಮೊದಲನೆಯದು ಕೈಗಳ ಭೇದ. ಡ್ರಮ್ಮನ್ನು ಹೆಗಲಿನಿಂದ ಪಟ್ಟಿ ಕಟ್ಟಿ ಓರೆಯಾಗಿ ತೂಗಹಾಕುತ್ತಿದ್ದುದರಿಂದ ಬಲಗೈಯ ಕೋಲನ್ನು ಸುತ್ತಿಗೆಯಂತೆ ಮೇಲಿನಿಂದಲೂ ಎಡಗೈಯದನ್ನು ಅಂಗೈ ಮೇಲುಮಾಡಿ ಹೆಬ್ಬೆರಳಿನ ಸಂದಿನಲ್ಲಿಯೂ ಹಿಡಿಯುವುದು ರೂಢಿ. ಹೀಗೆ ಬೇರೆ ಬೇರೆ ಚಲನೆಯ ಎರಡು ಕೈಗಳಿಂದ ಒಂದೇ ಧ್ವನಿಯನ್ನು ತೆಗೆಯಬೇಕು. ಎರಡನೆಯದು ಜಂಟಿಯ ಎರಡನೆಯ ಪೆಟ್ಟು. ವಿಳಂಬದಲ್ಲಿ ಎರಡನ್ನೂ ಮಣಿಕಟ್ಟೇ ಹಾಕುತ್ತದೆ. ವೇಗ ಹೆಚ್ಚಿದಂತೆ ಮೊದಲನೆಯದನ್ನು ಕೈ ಹಾಕಿ ಎರಡನೆಯದನ್ನು ಕೋಲಿನ ಪುಟಿತಕ್ಕೆ ಬಿಡಬೇಕಾಗುತ್ತದೆ, ಬೆರಳುಗಳು ಅದನ್ನು ಹಿಡಿತದಲ್ಲಿಡುತ್ತವೆ. ಆಗ ಎರಡನೆಯದು ಸೊರಗುವುದು ಸಹಜ. ಅದಕ್ಕಾಗಿ ಅಭ್ಯಾಸದಲ್ಲಿ ಎರಡನೆಯದಕ್ಕೇ ಒತ್ತು ಕೊಡಿಸುತ್ತಾರೆ. ನಮ್ಮ ಜಂಟಿವರಸೆಯಲ್ಲಿ ‘ಸಸ ರಿರಿ’ ಎಂದು ಹಾಡಿಸುವಾಗ ಎರಡನೆಯ ಸ್ವರವನ್ನು ಒತ್ತಿಸುವ ಗುರುಗಳ ಕಾರಣವೂ ಬಹುಶಃ ಇದೇ ಇರಬೇಕು.

ಇನ್ನು ಅರ್ಥನಿರ್ಣಯದ ವಿಷಯ. ದೀರ್ಘ ರೋಲನ್ನು ಅಳತೆಯಾಗಿ ಕತ್ತರಿಸಿದರೆ ಸಂಖ್ಯಾನಾಮದ ರೋಲುಗಳಾಗುತ್ತವೆ. ಬಲ ಬಲ ಎಡ ಎಡ ಬಲ ಎಂಬುದು ಐದರ ರೋಲು. ಎರಡು ಜಂಟಿ, ಕೊನೆಗೊಂದು ಒತ್ತಿದ ಒಂಟಿ. ಮೂರು ಜಂಟಿಯಾದರೆ ಏಳರದು, ನಾಲ್ಕಾದರೆ ಒಂಬತ್ತರದು. ಜಂಟಿಗಳು ಸಮಸಂಖ್ಯೆಯಲ್ಲಿದ್ದರೆ ತೊಡಗಿದ ಕೈಯೇ ಮುಗಿಸುತ್ತದೆ, ಆದುದರಿಂದ ಮುಂದಿನದು ಇನ್ನೊಂದು ಕೈಯಿಂದ ಮೊದಲಾಗುವುದು; ಐದು ಒಂಬತ್ತುಗಳು ಹೀಗೆ ಕೈಯಿಂದ ಕೈಗೆ ದಾಟುತ್ತವೆ. ವಿಷಮವಾದರೆ ಮುಗಿಸುವುದು ಇನ್ನೊಂದು ಕೈ. ಆದಕಾರಣ ಏಳರ ರೋಲುಗಳು ಸಾಲಾಗಿ ಬಂದರೆ ಎಲ್ಲವೂ ಒಂದೇ ಕೈಯಿಂದ ತೊಡಗುತ್ತವೆ. ಹಳೆಯ ಅಮೆರಿಕನ್ ಪಾಠದಲ್ಲಿ ಏಳನ್ನು ಎಡಗೈಯಿಂದಲೇ ತೊಡಗಿಸುವುದಕ್ಕೆ ಕಾರಣವು ಇದರಿಂದ ಹೊಳೆಯುತ್ತದೆ: ಕೊನೆಯ ಒತ್ತು ಬಲಗೈಗೆ ಬೀಳಲೆಂದು.

ಇಷ್ಟರವರೆಗೆ ಸಂದೇಹವಿಲ್ಲ. ಆದರೆ ಬರವಣಿಗೆಯಲ್ಲಿ ರೋಲಿನ ಗುರುತೆಂದರೆ ಸ್ವರಚಿಹ್ನೆಯ ಕಾಲಿಗೆ ಎಳೆದ ಮೂರು ಓರೆಗೆರೆಗಳು, ಇಷ್ಟೇ. ಒಂದು ಹೆಜ್ಜೆಯ ಕಾಲವುಳ್ಳ ಚಿಹ್ನೆಗೆ ಈ ಗೆರೆಗಳಿದ್ದರೆ ಅದು ಎಷ್ಟರ ರೋಲು? ಒಂದು ಜಂಟಿಯನ್ನು ಒಂದು ಕೈಚಲನೆಯೆಂದೆಣಿಸಿ ನಮ್ಮ ಗತಿಭೇದಗಳಿಂದ ಲೆಕ್ಕಹಾಕಿ ನೋಡಿದೆನು. ಚತುರಶ್ರಗತಿಯಲ್ಲಿ ಹೆಜ್ಜೆಗೆ ನಾಲ್ಕು ಕೈಚಲನೆ. ಎಂಟು ಪೆಟ್ಟು, ಮುಂದಿನ ಹೆಜ್ಜೆಯ ಮೇಲೆ ಬೀಳುವ ಮುಕ್ತಾಯದ ಪೆಟ್ಟು ಸೇರಿ ಒಂಬತ್ತು. ತಿಶ್ರದಲ್ಲಿ ಅರ್ಧಹೆಜ್ಜೆಗೆ ಮೂರರಂತೆ ಆರು ಕೈಚಲನೆ. ಹನ್ನೆರಡು ಪೆಟ್ಟು, ಮುಕ್ತಾಯ ಸೇರಿ ಹದಿಮೂರು. ಖಂಡಗತಿಯಾದರೆ ಐದು ಕೈಚಲನೆ, ಹನ್ನೊಂದು ಪೆಟ್ಟು. ಹೀಗೆ ಒಂದೇ ಚಿಹ್ನೆಯು ಒಂಬತ್ತೂ ಆಗಬಹುದು, ಹನ್ನೊಂದೂ ಆಗಬಹುದು, ಹದಿಮೂರೂ ಆಗಬಹುದು. ಅರ್ಧಹೆಜ್ಜೆಯ ಚಿಹ್ನೆಯು ಚತುರಶ್ರದಲ್ಲಿ ಐದು, ತಿಶ್ರದಲ್ಲಿ ಏಳು.

ಮೂರು ಗೆರೆಗಳ ವಾಚ್ಯಾರ್ಥವನ್ನು ಹಿಡಿದರೆ ಹೆಜ್ಜೆಗೆ ಎಂಟು ಪೆಟ್ಟೆಂದೇ ಆಗುತ್ತದೆ, ಚತುರಶ್ರವೇ ನಿಲ್ಲುತ್ತದೆ ಎಂದು ಪೂರ್ವಪಕ್ಷ. ಇದು ನಿಲ್ಲತಕ್ಕದ್ದಲ್ಲ. ಏಕೆಂದರೆ ರೋಲಿನ ಪ್ರಯೋಜನವು ಅಖಂಡವಾದ ಧ್ವನಿ. ಆ ಪ್ರಯೋಜನವು ಸಿದ್ಧಿಸುವುದು ಪೆಟ್ಟುಗಳ ವೇಗದಿಂದ. ವೇಗವಾದರೋ ನಡಿಗೆಯನ್ನು ಆಶ್ರಯಿಸಿದೆ. ಸ್ಟೂಬೆನ್ನನ ನಿಯಮದಲ್ಲಿ ಸಾಧಾರಣ ನಡಿಗೆಗೆ ನಿಮಿಷಕ್ಕೆ ಸುಮಾರು 75 ಹೆಜ್ಜೆ, ಶೀಘ್ರ ನಡಿಗೆಗೆ ಸುಮಾರು 120. ಸಾಧಾರಣ ನಡಿಗೆಯಲ್ಲಿ ಚತುರಶ್ರವನ್ನು ಹಿಡಿದರೆ ಸೆಕೆಂಡಿಗೆ 10 ಪೆಟ್ಟು. ಒಂದೊಂದನ್ನೂ ಕಿವಿ ಎಣಿಸುವಷ್ಟು ಬಿಡಿಯಾಗಿ ಕೇಳುತ್ತದೆ. ತಿಶ್ರವನ್ನು ಹಿಡಿದರೆ 15, ಉರುಳುವಿಕೆ ಹುಟ್ಟುತ್ತದೆ. ಶೀಘ್ರ ನಡಿಗೆಯಲ್ಲಿ ಚತುರಶ್ರವೇ 16 ಪೆಟ್ಟನ್ನು ಕೊಡುತ್ತದೆ. ಅಲ್ಲಿ ತಿಶ್ರವನ್ನು ಹಿಡಿಯಹೋದರೆ 24 ಆಗಿ ಬಹುಮಂದಿಯ ಕೈಗೆ ಮೀರುತ್ತದೆ. ವಿಳಂಬದಲ್ಲಿ ಹದಿಮೂರಾಗಿದ್ದ ರೋಲೇ ಶೀಘ್ರದಲ್ಲಿ ಒಂಬತ್ತಾಗುವುದು ಪಾಠದೋಷವಲ್ಲ, ಅರ್ಥಾನುಸಾರಿಯಾದ ಊಹವೇ ಆಗಿದೆ. ಪ್ರಕೃತಿಯಾಗದ ಮಂತ್ರವನ್ನು ವಿಕೃತಿಯಾಗದಲ್ಲಿ ಅಲ್ಲಿಯ ದೇವತೆಗೆ ತಕ್ಕಂತೆ ಮಾರ್ಪಡಿಸಿ ಹೇಳುವ ಮೀಮಾಂಸಕರ ಕ್ರಮಕ್ಕೆ ಇದು ಹತ್ತಿರ. ಸಂಖ್ಯೆಯು ಚಿಹ್ನೆಯಲ್ಲಿಲ್ಲ, ಸಿಪಾಯಿಯ ಪಾದದಲ್ಲಿದೆ. ಇದೇ ನನ್ನ ಪಕ್ಷ.

ವಾದ್ಯದ ಮೈಯೂ ಈ ನಿರ್ಣಯದಲ್ಲಿ ಪಾಲುಗೊಳ್ಳುತ್ತದೆ. ಹಗ್ಗದಿಂದ ಬಿಗಿದ, ಕರುವಿನ ಚರ್ಮದ ಹಳೆಯ ಡ್ರಮ್ಮು ತೇವದ ಹವೆಯಲ್ಲಿ ಸಡಿಲಗೊಳ್ಳುತ್ತಿತ್ತು. ಕೋಲು ಅದರ ಮೇಲೆ ಅಷ್ಟಾಗಿ ಪುಟಿಯುತ್ತಿರಲಿಲ್ಲ. 1957ರ ಸುಮಾರಿಗೆ ಪ್ಲಾಸ್ಟಿಕ್ಕಿನ ಹೊದಿಕೆಗಳು ಪ್ರಚಾರಕ್ಕೆ ಬಂದ ಮೇಲೆ ಹವೆಯ ಭಯವು ತಪ್ಪಿತು, ಬಿಗಿತವೂ ಪುಟಿತವೂ ಹೆಚ್ಚಿದವು. ಇಂದಿನ ಡ್ರಮ್ಮಿನ ಮೇಲೆ ಇಂದಿನ ವೇಗದಲ್ಲಿ ಆಶ್‌ವರ್ತನ ಪಾಠವನ್ನು ಬಾರಿಸಿ, ಇದೇ ಆಶ್‌ವರ್ತನ ರೋಲೆಂದು ಹೇಳುವವರು ಇದನ್ನು ಗಮನಿಸಬೇಕು.

ಪರಂಪರೆಯು ಕಡಿದದ್ದು ಅಂತರ್ಯುದ್ಧದ ಮುಂದಿನ ದಶಕಗಳಲ್ಲಿ. ಸೈನ್ಯದಲ್ಲಿ ಡ್ರಮ್ಮಿನ ಸಂಕೇತಗಳ ಸ್ಥಾನವನ್ನು ಕಹಳೆಯು ಆಕ್ರಮಿಸಿತು. 1886ರಲ್ಲಿ ಜಾನ್ ಫಿಲಿಪ್ ಸೌಸಾ ಬರೆದ ಬೋಧನಪುಸ್ತಕವು ಕಹಳೆ ಡ್ರಮ್ಮುಗಳೆರಡನ್ನೂ ಕೂಡಿಸಿಕೊಂಡಿತು. ಆದರೆ ಪಾಳೆಯದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಡ್ರಮ್ಮಿನಿಂದಲೇ ಬದುಕು ನಡೆಯುತ್ತಿದ್ದ ಕಾಲವು ಕಳೆದುಹೋಗಿತ್ತು. 1925ರಲ್ಲಿ ಸ್ಯಾನ್‌ಫರ್ಡ್ ಮೊಯೆಲ್ಲರ್ ಎಂಬವನು ತನ್ನ ಪುಸ್ತಕವನ್ನು ಪ್ರಕಟಿಸಿದನು. ಹಳೆಯ ಪುಸ್ತಕಗಳು ಅವನ ಕೈಯಲ್ಲಿದ್ದವು. ಅವು ಸಾಲವೆಂದು ಅಂತರ್ಯುದ್ಧದಲ್ಲಿ ಬಾರಿಸಿ ಮುಪ್ಪಿನವರಾಗಿದ್ದ ವಾದಕರ ಕೈಚಲನೆಯನ್ನು ಕಣ್ಣಾರೆ ನೋಡಿ ಅಭ್ಯಾಸಮಾಡಿದ್ದನು. ಕೆಲವೇ ವರ್ಷ ತಡಮಾಡಿದ್ದರೆ ನೋಡುವುದಕ್ಕೆ ಯಾರೂ ಉಳಿದಿರುತ್ತಿರಲಿಲ್ಲ. ಇಂತಹ ಶ್ರಮಕ್ಕೆ ನಾವು ಹೆಚ್ಚು ಬೆಲೆ ಕೊಡಬೇಕು. ನಮ್ಮ ಪ್ರಾಂತಗಳಲ್ಲಿಯೂ ಓಲೆಗರಿಗಳನ್ನು ಸಂಗ್ರಹಿಸಿದಷ್ಟು ಆಸಕ್ತಿಯಿಂದ ಅವನ್ನು ಓದಬಲ್ಲ ಮುದುಕರನ್ನು ಹುಡುಕಿದವರು ಎಷ್ಟು ಮಂದಿ?

1933ರಲ್ಲಿ ಷಿಕಾಗೋ ನಗರದಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಮಹಾಸಭೆಯು ಸೇರಿದ್ದಾಗ ವಿಲಿಯಂ ಲಡ್ವಿಗ್ ಮೊದಲಾದ ವಾದಕರು ಕೂಡಿ ಮೂಲಪಾಠವಾದಕರ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಹದಿಮೂರು ಪಾಠಗಳನ್ನು ಅವಶ್ಯಕವೆಂದು ಆರಿಸಿ, ಅವನ್ನು ಬಾರಿಸಿ ತೋರಿಸಿದವನಿಗೇ ಸದಸ್ಯತ್ವವೆಂದು ನಿಯಮಿಸಿದರು; ಆಮೇಲೆ ಇನ್ನೂ ಹದಿಮೂರನ್ನು ಸೇರಿಸಿ ಒಟ್ಟು ಇಪ್ಪತ್ತಾರು ಮಾಡಿದರು. ಮೊದಲನೆಯ ಹದಿಮೂರರಲ್ಲಿ ದೀರ್ಘ ರೋಲೂ ಐದು ಏಳರ ರೋಲುಗಳೂ ಇವೆ. ಸರ್ವಸುಲಭವೆಂದು ತೋರುವ ಒಂಟಿ ಪೆಟ್ಟಿನ ರೋಲು ಇಲ್ಲ, ಅದು ಎರಡನೆಯ ಗುಂಪಿನಲ್ಲಿದೆ. ಇದು ಆಕಸ್ಮಿಕವಲ್ಲವೆಂದು ತೋರುತ್ತದೆ. ಸೈನ್ಯಪರಂಪರೆಯವರಿಗೆ ರೋಲೆಂದರೆ ಜಂಟಿಯೇ, ಉಳಿದುದು ಹೊರಗಿನದು.

ಆ ಹೊರಗಿನ ಸಂಪ್ರದಾಯವೂ ಅಷ್ಟೇ ಗಟ್ಟಿಯಾಗಿತ್ತು. ನಾಟಕಶಾಲೆಗಳ ವಾದ್ಯಮೇಳದಲ್ಲಿ ಕೋಲನ್ನು ಚರ್ಮಕ್ಕೆ ಒತ್ತಿ, ಒಂದು ಕೈಚಲನೆಗೆ ಎರಡಲ್ಲ, ಎಣಿಕೆಗೆ ಸಿಕ್ಕದಷ್ಟು ಪುಟಿತಗಳನ್ನು ಹುಟ್ಟಿಸಿ ರೇಷ್ಮೆ ಹರಿದಂತಹ ನಯವಾದ ರೋಲನ್ನು ತೆಗೆಯುತ್ತಾರೆ. ರೊಸ್ಸೀನಿಯು 1817ರಲ್ಲಿ ರಚಿಸಿದ ‘ಲಾ ಗಾತ್ಸಾ ಲಾದ್ರಾ’ ಎಂಬ ಗೇಯನಾಟಕದ ಪೂರ್ವರಂಗಸಂಗೀತವು ಸ್ನೇರ್ ಡ್ರಮ್ಮಿನ ರೋಲಿನಿಂದಲೇ ತೊಡಗುತ್ತದೆ. ಇಂದಿನ ವಾದ್ಯಮೇಳಗಳಲ್ಲಿ ಅದರ ಪೆಟ್ಟುಗಳನ್ನು ಎಣಿಸುವವರಿಲ್ಲ. ಈ ಎರಡು ಸಂಪ್ರದಾಯಗಳ ನಡುವೆ ಒಂದು ಶಬ್ದವು ಸಿಕ್ಕಿಬಿದ್ದು ಬಹಳ ತೊಂದರೆ ಕೊಟ್ಟಿದೆ. ಸೈನ್ಯಪಾಠದಲ್ಲಿ ‘ತೆರೆದ’ ರೋಲೆಂದರೆ ವಿಳಂಬದ್ದು, ‘ಮುಚ್ಚಿದ’ ರೋಲೆಂದರೆ ದ್ರುತದ್ದು. ಪೆಟ್ಟುಗಳ ನಡುವಣ ಅವಕಾಶವು ತೆರೆದಿದೆಯೋ ಮುಚ್ಚಿದೆಯೋ ಎಂಬ ಅರ್ಥ. ವಾದ್ಯಮೇಳದವರಿಗೆ ‘ತೆರೆದ’ ಎಂದರೆ ಜಂಟಿ ಪೆಟ್ಟಿನದು, ‘ಮುಚ್ಚಿದ’ ಎಂದರೆ ಒತ್ತಿದ ಪುಟಿತದ್ದು. ಒಬ್ಬರದು ಲಯಭೇದ, ಇನ್ನೊಬ್ಬರದು ಕ್ರಿಯಾಭೇದ. ಎಷ್ಟೋ ಬೋಧನಪುಸ್ತಕಗಳು ಒಂದರ ಅರ್ಥದಲ್ಲಿ ಪ್ರತಿಜ್ಞೆಮಾಡಿ ಇನ್ನೊಂದರ ಅರ್ಥದಲ್ಲಿ ಉಪಸಂಹರಿಸುತ್ತವೆ. 1984ರಲ್ಲಿ ತಾಳವಾದ್ಯಕಲೆಗಳ ಸಂಘವೊಂದು ನಲವತ್ತು ಅಂತರರಾಷ್ಟ್ರೀಯ ಮೂಲಪಾಠಗಳ ಪಟ್ಟಿಯನ್ನು ಪ್ರಕಟಿಸಿದಾಗ ಈ ಗೊಂದಲವನ್ನು ಬಗೆಹರಿಸಲೆತ್ನಿಸಿತು. ನಲವತ್ತರಲ್ಲಿ ಹದಿನೈದು ರೋಲುಗಳು: ಮೂರು ಒಂಟಿಯವು, ಎರಡು ಬಹುಪುಟಿತದ ವರ್ಗದವು, ಹತ್ತು ಜಂಟಿಯವು. ವಾದ್ಯಮೇಳದ ರೋಲಿಗೂ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಉದಾಹರಣೆಯು ಇದಕ್ಕೆ ಪ್ರತಿಕೂಲವಾಗಿ ಕಾಣುತ್ತದೆ, ಆದುದರಿಂದ ಹೇಳಬೇಕು. ಅಲ್ಲಿ ಪ್ರತಿವರ್ಷ ಫಾಸ್ನಾಖ್ಟ್ ಎಂಬ ಉತ್ಸವದ ಮೊದಲ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಊರ ದೀಪಗಳನ್ನೆಲ್ಲ ಆರಿಸಿ ಡ್ರಮ್ಮುಗಳು ಸಣ್ಣ ಕೊಳಲುಗಳೊಡನೆ ಬೀದಿಗಿಳಿಯುತ್ತವೆ. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಉತ್ಸವವನ್ನು ಮಾನವಕುಲದ ಅಮೂರ್ತ ಪರಂಪರೆಗಳಲ್ಲಿ ಸೇರಿಸಿತು. ಅಲ್ಲಿಯ ಫ್ರಿಟ್ಸ್ ಬೆರ್ಗರ್ ಎಂಬ ವಿದ್ವಾಂಸನು 1928ರ ತನ್ನ ಪುಸ್ತಕದಲ್ಲಿ ಒಂದು ಲಿಪಿಯನ್ನು ಪ್ರಚುರಪಡಿಸಿದನು: ಒಂದೇ ಅಡ್ಡಗೆರೆ, ಬಲಗೈಯ ಪೆಟ್ಟು ಗೆರೆಯ ಮೇಲೆ, ಎಡಗೈಯದು ಕೆಳಗೆ. ಆರ್ಬೋ ಬಿಟ್ಟಿದ್ದ ಮೌನವನ್ನು ಮುನ್ನೂರನಲವತ್ತು ವರ್ಷಗಳ ಮೇಲೆ ಈ ಲಿಪಿಯು ತುಂಬಿತು. ಹಾಗಾದರೆ ಲಿಪಿಯೇ ಸಾಕಾಯಿತಲ್ಲವೇ ಎಂದರೆ, ಆಗಲಿಲ್ಲ. ಬಾಸೆಲ್ಲಿನವರ ಬಡಿತದಲ್ಲಿ ಪೆಟ್ಟುಗಳ ನಡುವೆ ಒಂದು ತೂಗಾಟವಿದೆ; ಗಡಿಯಾರದ ಲೆಕ್ಕಕ್ಕೆ ಸಮವಲ್ಲ, ಹೆಜ್ಜೆಯ ಲೆಕ್ಕಕ್ಕೆ ತಪ್ಪಿಲ್ಲ. ಅದನ್ನು ಕಲಿಯುವುದು ಹಿರಿಯರ ಪಕ್ಕದಲ್ಲಿ ನಿಂತೇ. ಬೆರ್ಗರನ ಲಿಪಿಯು ಸಾರ್ಥಕವಾದುದು, ಓದಿಸುವವರು ಇದ್ದ ಊರಿನಲ್ಲಿ ಅದು ಹುಟ್ಟಿದುದರಿಂದ.

ಕೊನೆಯದಾಗಿ ಒಂದು ಪಾಠನಿರ್ಣಯವನ್ನು ವಿದ್ವಾಂಸರ ಪರಿಶೀಲನೆಗಾಗಿ ಮುಂದಿಡುತ್ತೇನೆ. ‘ಮೂರು ಪಾಳೆಯ’ ಎಂಬರ್ಥದ ಹೆಸರಿನ ಹಳೆಯ ಬಡಿತವೊಂದುಂಟು; ಬೆಳಗಿನ ಜಾವದಲ್ಲಿ ಸೈನ್ಯವನ್ನು ಎಬ್ಬಿಸುತ್ತಿದ್ದುದು. ಅದು ಬಹುಮಟ್ಟಿಗೆ ಐದರ, ಹತ್ತರ, ಹನ್ನೊಂದರ ರೋಲುಗಳಿಂದಲೇ ಕಟ್ಟಿದುದು. ಅದನ್ನು ಚತುರಶ್ರದಲ್ಲಿ ಓದುವವರೂ ಇದ್ದಾರೆ, ತಿಶ್ರದಲ್ಲಿ ಓದುವವರೂ ಇದ್ದಾರೆ. ಹತ್ತೂ ಹನ್ನೊಂದೂ ಪಕ್ಕಪಕ್ಕದಲ್ಲಿ ಏಕೆ ಬೇಕಾದವೆಂಬುದು ನನಗೆ ಬಹುಕಾಲ ಒಗಟಾಗಿತ್ತು. ಒಂದು ಪೆಟ್ಟಿನ ವ್ಯತ್ಯಾಸಕ್ಕಾಗಿ ಬೇರೆ ಹೆಸರೇ? ಪೆಟ್ಟುಗಳನ್ನು ಎಣಿಸುವುದನ್ನು ಬಿಟ್ಟು ಕೈಚಲನೆಗಳನ್ನು ಎಣಿಸಿದಾಗ ಗಂಟು ಸಡಿಲವಾಯಿತು. ಐದರಲ್ಲಿ ಎರಡು ಜಂಟಿ, ಒಂದು ಒಂಟಿ: ಮೂರು ಚಲನೆ. ಹತ್ತರಲ್ಲಿ ನಾಲ್ಕು ಜಂಟಿ, ಕೊನೆಗೆ ಒತ್ತಿದ ಎರಡು ಒಂಟಿ: ಆರು ಚಲನೆ. ಹನ್ನೊಂದರಲ್ಲಿ ಐದು ಜಂಟಿ, ಕೊನೆಗೊಂದು ಒಂಟಿ: ಇದೂ ಆರೇ. ಹತ್ತಕ್ಕೂ ಹನ್ನೊಂದಕ್ಕೂ ಕಾಲವು ಒಂದೇ. ಭೇದವೆಲ್ಲ ಕೊನೆಯಲ್ಲಿ ಬೀಳುವ ಒತ್ತು ಎರಡೋ ಒಂದೋ ಎಂಬುದರಲ್ಲಿ. ಮೂರು, ಆರು, ಆರು ಎಂಬ ಅಳತೆಗಳು ಎಡೆಬಿಡದೆ ಸಮವಾಗಿ ಸಾಗಿದರೆ ತಿಶ್ರದಲ್ಲಿ ಸಹಜವಾಗಿ ಕುಳಿತುಕೊಳ್ಳುತ್ತವೆ; ಚತುರಶ್ರದಲ್ಲಿ ಕುಳ್ಳಿರಿಸಬೇಕಾದರೆ ಮುಕ್ತಾಯದ ಪೆಟ್ಟನ್ನು ಎಳೆಯಬೇಕು, ಇಲ್ಲವೇ ರೋಲನ್ನು ಹೆಜ್ಜೆ ಕಳೆದ ಮೇಲೆ ತಡವಾಗಿ ತೊಡಗಬೇಕು. ಹಾಗೆ ಬಾರಿಸುವುದು ಅಸಾಧ್ಯವಲ್ಲ, ಕ್ಲಿಷ್ಟಕಲ್ಪನೆಯಾಗುತ್ತದೆ. ತಿಶ್ರಪಾಠವೇ ಸಾಧುವೆಂದು ನನ್ನ ಮತ. ಇದಕ್ಕೆ ಎದುರಾಗಿ, ಒಂದೇ ಬಡಿತವನ್ನು ಬೇರೆ ಬೇರೆ ಪಡೆಗಳು ಬೇರೆ ಬೇರೆ ನಡಿಗೆಯಲ್ಲಿ ಬಾರಿಸುತ್ತಿದ್ದಿರಬಹುದು, ಆದುದರಿಂದ ಎರಡು ಪಾಠಗಳೂ ಪ್ರಾಚೀನವೇ ಆಗಿರಬಹುದೆಂದು ಯಾರಾದರೂ ಹೇಳಿದರೆ, ಹಿಂದೆ ನಾನೇ ಹಿಡಿದ ಪಕ್ಷವು ಅವರಿಗೆ ಸಹಾಯವಾಗುತ್ತದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಈ ಬಡಿತವು ನಡಿಗೆಯದಲ್ಲ. ಡೇರೆಯಲ್ಲಿ ಮಲಗಿದ್ದವರನ್ನು ಎಬ್ಬಿಸುವುದು. ಅಲ್ಲಿ ಹೆಜ್ಜೆಯ ನಿರ್ಬಂಧವಿಲ್ಲದ ಕಾರಣ ಕೈಯ ಸಹಜಗತಿಯೇ ಪ್ರಮಾಣವಾಗತಕ್ಕದ್ದು.